ಮೂರು ಕಾಲಿನ ವಿಳಾಸ

ಫೆಬ್ರವರಿ 2

ಮದುವೆಯಾಗಿ ಎರಡು ವಾರವೂ ಆಗಿಲ್ಲ, ಆಗಲೇ ನನ್ನ ಹೆಸರಿನದೊಂದು ಕಂಪನಿ! ಖುಷಿಗೆ ಗೀಚುತ್ತಿದ್ದೇನೆ, ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ, ಓದುವವಳು ನಾನೊಬ್ಬಳೇ ತಾನೆ.

ಬೆಳಿಗ್ಗೆ ನನ್ನ ರಾಜಕುಮಾರ ನನ್ನ ಕಣ್ಣಿಗೆ ಕರವಸ್ತ್ರ ಕಟ್ಟಿ, ಮೆಟ್ಟಿಲಿಳಿಸಿ, ಬೀದಿ ದಾಟಿಸಿ, ನಿಂತಿದ್ದ ಸೈಕಲ್ಲೊಂದಕ್ಕೆ ಡಿಕ್ಕಿ ಹೊಡೆಸಿ, ಕೊನೆಗೂ ಅಂಗಡಿಯ ಮುಂದೆ ನಿಲ್ಲಿಸಿದರು. ಕಣ್ಣು ಬಿಟ್ಟರೆ ಹೊಸ ಬೋರ್ಡು! ಹಸಿರು ಅಕ್ಷರ, ಪಕ್ಕದಲ್ಲೊಂದು ಕೆಂಪು ಕೊಕ್ಕು: ‘ಗಿಣಿ ಇಂಟೀರಿಯರ್ಸ್’. ಗಿಣಿ ಅಂದರೆ ನಾನು. ಹುಟ್ಟಿದಾಗಿನಿಂದ ಬಾಯಿ ಮುಚ್ಚಿಲ್ಲವೆಂದು ಅಕ್ಕ ಇಟ್ಟ ಹೆಸರು. ಇವರಿಗೆ ಅದನ್ನು ಒಂದೇ ಸಲ ಹೇಳಿದ್ದೆ, ನೆನಪಿಟ್ಟುಕೊಂಡಿದ್ದಾರೆ!

"ಬೋರ್ಡು ಮಾತ್ರ ಅಲ್ಲ ಕಣೇ, ಕಾಗದಪತ್ರದಲ್ಲೂ ಬದಲಾಯಿಸಿಬಿಟ್ಟೆ. ಕಂಪನಿ ಹೆಸರೇ ನೀನು" ಎಂದರು. ನಾನು ಬೀದಿಯಲ್ಲೇ ಅತ್ತುಬಿಟ್ಟೆ.

ಅಂಗಡಿಯೆಂದರೆ ಹಳೆಯ ಸೋಫಾ, ಕುರ್ಚಿಗಳ ಹೊಟ್ಟೆ ಬಗೆದು, ಸ್ಪ್ರಿಂಗು ಫೋಮು ಬದಲಾಯಿಸಿ, ಹೊಸ ಬಟ್ಟೆ ಹೊದಿಸಿ ಕೊಡುವ ಕೆಲಸ. ಇದುವರೆಗೆ ತೀರಿಹೋದ ಮಾವನವರ ಹೆಸರಿನಲ್ಲಿತ್ತು. ಇವರೂ ಇವರ ಅಣ್ಣನೂ ಸೇರಿ ನಡೆಸುತ್ತಿದ್ದರು. ಆದರೆ ಭಾವ ಮದುವೆಯ ಮರುದಿನವೇ ಬೇರೆ ಊರಿಗೆ ಹೊರಟುಹೋದರು, ಅಲ್ಲಿನ ಬಸ್ ಸೀಟಿನ ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸವಂತೆ. ಪಾಪ, ಈ ಸರ್‌ಪ್ರೈಸ್ ನೋಡುವ ಭಾಗ್ಯ ಅವರಿಗೆ ತಪ್ಪಿತು.

ಫೆಬ್ರವರಿ 4

ಇಷ್ಟು ಸುಖದಲ್ಲಿ ಒಂದೇ ಒಂದು ಕಿರಿಕಿರಿ. ನನ್ನ ಚೆಂದದ ಬೋರ್ಡಿನ ಪಕ್ಕದಲ್ಲಿ, ಬಾಗಿಲಿನ ನೆತ್ತಿಗೆ, ಒಂದು ಮುರುಕು ಮರದ ಕುರ್ಚಿ ನೇತಾಡುತ್ತಿದೆ. ಮೂರೇ ಕಾಲು. ಕುರ್ಚಿ ರಿಪೇರಿಯವರ ಬಾಗಿಲಿಗೆ ರಿಪೇರಿಯಾಗದ ಕುರ್ಚಿ! ಹಲ್ಲಿನ ಡಾಕ್ಟರು ಬೊಚ್ಚುಬಾಯಿ ಬಿಟ್ಟುಕೊಂಡು ಕೂತಂತೆ. ಅಂಗಡಿ ತೆರೆದ ವರ್ಷ ಭಾವ ಕಟ್ಟಿದ್ದಂತೆ. ಅಷ್ಟೇ ಅಲ್ಲ, ವೆಬ್‌ಸೈಟಿನ ವಿಳಾಸವೂ ‘ಮೂರುಕಾಲು ಡಾಟ್ ಕಾಮ್’!

"ಕಂಪನಿಗೊಂದು ಹೆಸರು, ವೆಬ್‌ಸೈಟಿಗೆ ಇನ್ನೊಂದು ಹೆಸರು. ಇದ್ಯಾವ ನ್ಯಾಯ?" ಎಂದೆ.

"ಮೊದಲಿಂದ್ಲೂ ಹಾಗೇ. ಬೋರ್ಡಲ್ಲಿ ಅಪ್ಪನ ಹೆಸರಿತ್ತು, ಯಾರು ಓದ್ತಿದ್ರು ಅದನ್ನ? ಎಲ್ರಿಗೂ ಇದು ಮೂರು ಕಾಲಿನ ಅಂಗಡಿ."

"ಇನ್ಮೇಲೆ ಗಿಣಿ ಅಂಗಡಿ ಅಂತಾರೆ." ನಾನು ಸ್ವಲ್ಪ ಮುಖ ಊದಿಸಿಕೊಂಡೇ ಹೇಳಿದೆ.

"ಅಂತಾರೆ ಬಂಗಾರ, ಅನ್ನದೆ ಎಲ್ಲಿಗೆ ಹೋಗ್ತಾರೆ? ನೀನು ಹೇಳಿದ್ಮೇಲೆ ಮುಗೀತು."

ಇಂಥ ಗಂಡ ಲೋಕದಲ್ಲಿ ಇನ್ನೊಬ್ಬನಿರಲಾರ. ಏನು ಕೇಳಿದರೂ ಒಂದು ಕ್ಷಣ ಯೋಚಿಸುವುದಿಲ್ಲ, ಕೊಟ್ಟುಬಿಡುತ್ತಾರೆ.

ಫೆಬ್ರವರಿ 7

ವೆಬ್‌ಸೈಟ್ ಮೇಡಂ ಹತ್ತಿರ ಹೋಗಿದ್ದೆವು. ಔಷಧಿ ಅಂಗಡಿಯ ಮಹಡಿಯ ಮೇಲೆ ಅವರ ಕೋಣೆ, ಕಿಟಕಿಯಿಲ್ಲ, ಎರಡು ಫ್ಯಾನು. ಪೆನ್ಸಿಲ್ ಕಚ್ಚಿಕೊಂಡೇ ಮಾತಾಡುತ್ತಾರೆ. ನನ್ನ ಹೆಸರಿನ ಹೊಸ ವಿಳಾಸ ನಿಮಿಷದಲ್ಲಿ ಸಿಕ್ಕಿತು. ನಾನು ಚಪ್ಪಾಳೆ ತಟ್ಟಿದೆ.

"ಹಳೇದೂ ಇರ್ಲಿ" ಎಂದರು. "ಕಂಪನಿ ಹೆಸರು, ವಿಳಾಸ ಎರಡೂ ಒಂದೇ ಇರಬೇಕು ಅಂತೇನಿಲ್ಲಮ್ಮ. ಜನ ಯಾವ ಹೆಸರು ಹಿಡ್ಕೊಂಡು ಹುಡುಕ್ತಾರೋ ಅದು ಮುಖ್ಯ. ಹಳೇ ವಿಳಾಸಕ್ಕೆ ಬಂದವರು ತಾವಾಗೇ ಹೊಸದಕ್ಕೆ ಹೋಗೋ ಹಾಗೆ ಮಾಡ್ತೀನಿ. ಈ ತಿಂಗಳ ಕೊನೆಗೆ ಅದರ ಅವಧಿ ಮುಗಿಯುತ್ತೆ, ಮುಂದುವರಿಸಿಬಿಡಿ."

"ಬೇಡ, ನನಗೆ ನಂದು ಮಾತ್ರ ಸಾಕು" ಎಂದೆ. "ನಿಮಗೆ ಅರ್ಥ ಆಗಲ್ಲ ಮೇಡಂ. ನಿಮ್ಮವರು ನಿಮ್ಮ ಹೆಸರಲ್ಲಿ ಕಂಪನಿ ಮಾಡಿದ್ದಾರಾ?"

"ಇಲ್ಲಮ್ಮ. ಇದ್ದ ಕಂಪನೀನೇ ಮುಚ್ಚಿಸಿದ್ದಾರೆ."

ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ "ಹಳೇದು ಹೋದ್ರೆ ಹೋಗ್ಲಿ ಬಿಡಿ ಮೇಡಂ, ಇವಳಿಗೆ ಬೇಡ ಅಂದ್ಮೇಲೆ ಬೇಡ" ಎಂದರು. ಮೇಡಂ ಪೆನ್ಸಿಲ್ಲನ್ನು ಬಾಯಿಂದ ತೆಗೆದು ನಮ್ಮಿಬ್ಬರನ್ನೂ ನೋಡಿದರು. ಹೊಟ್ಟೆಕಿಚ್ಚು, ಇನ್ನೇನು.

ಫೆಬ್ರವರಿ 11

ನನ್ನ ಸರದಿಯ ಸರ್‌ಪ್ರೈಸ್! ಇವರು ಹೊರಗೆ ಹೋದಾಗ ಸೋಫಾ ಮೇಸ್ತ್ರಿಗೆ ಹೇಳಿ ಆ ಕುರ್ಚಿಯನ್ನು ಕೆಳಗಿಳಿಸಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಲ್ಲಿನಲ್ಲಿ ಮೊಳೆ ಕಚ್ಚಿಕೊಂಡು ಕೂತಿರುವ ಮೇಸ್ತ್ರಿ ಇವರ ತಂದೆಯ ಕಾಲದವರು. ಮೊಳೆ ಬಾಯಲ್ಲಿದ್ದಷ್ಟು ಹೊತ್ತೂ ಮಾತಿಲ್ಲ. ಅದಕ್ಕೊಂದು ನಾಲ್ಕನೇ ಕಾಲು ಮಾಡಿಕೊಡಿ ಎಂದರೆ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿಕೊಂಡು "ಇದಕ್ಕಾ?" ಎಂದರು. ಹೌದು ಎಂದೆ. "ಭಾವನವ್ರಿಗೆ ಹೇಳಿದ್ದೀರಾ?" ಎಂದರು. ಅವರು ಇಲ್ಲವಲ್ಲ ಎಂದೆ. ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡರು.

ಈಗ ಕುರ್ಚಿ ನಮ್ಮ ಮಲಗುವ ಕೋಣೆಯಲ್ಲಿದೆ. ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ, ಜಂಬದಿಂದ ನಿಂತಿದೆ! ಅತ್ತೆ ಬಾಗಿಲಲ್ಲಿ ನಿಂತು ನೋಡಿ "ಅದನ್ನೂ ಇಳಿಸಿದ್ರಾ?" ಎಂದರು. ಎಷ್ಟು ಚೆನ್ನಾಗಿದೆ ಅಲ್ವಾ ಅತ್ತೆ ಎಂದೆ. "ಚೆನ್ನಾಗಿದೆ ಕಣಮ್ಮ" ಎಂದು ಅಡುಗೆಮನೆಗೆ ಹೋದರು. ಇವರು ಬಂದು ನೋಡಿ, ಹೊಸ ಕಾಲನ್ನೊಮ್ಮೆ ಅಲ್ಲಾಡಿಸಿ, ಆಮೇಲೆ ನನ್ನನ್ನು ಅದರ ಮೇಲೆ ಕೂರಿಸಿ ಫೋಟೊ ತೆಗೆದರು.

ಫೆಬ್ರವರಿ 28

ಹಳೆಯ ವಿಳಾಸ ಇವತ್ತಿನಿಂದ ತೆರೆಯುತ್ತಿಲ್ಲ. ಹೊಸದು ಮಿರಿಮಿರಿ ಮಿಂಚುತ್ತಿದೆ. ಮೊದಲ ಪುಟದಲ್ಲೇ ನಾನು, ಕುರ್ಚಿಯ ಮೇಲೆ. ಅಕ್ಕನಿಗೆ ಕಳಿಸಿದೆ. "ಕಂಪನಿಯೋ, ಮದುವೆ ಆಲ್ಬಮ್ಮೋ?" ಎಂದಳು. ಅವಳ ಬಾಯೇ ಹಾಗೆ.

ಮಾರ್ಚ್ 9

ಇವರು ಗಿರಾಕಿಗಳ ಮನೆಗೆ ಹೋದಾಗ ಅಂಗಡಿಯ ಫೋನ್ ನೋಡಿಕೊಳ್ಳುವುದು ನಾನೇ. "ಹಲೋ, ಗಿಣಿ ಇಂಟೀರಿಯರ್ಸ್!" ಎನ್ನುವಾಗ ಎದೆ ಉಬ್ಬುತ್ತದೆ. ಇವತ್ತು ಒಬ್ಬರು "ಜೋಡಿ ಬೇಕು, ಮಾತಾಡೋದಿದ್ಯಾ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಇನ್ನೊಬ್ಬರು ಪಂಜರದ ತಳ ತುಕ್ಕು ಹಿಡಿದಿದೆ, ಬದಲಾಯಿಸಿ ಕೊಡುತ್ತೀರಾ ಎಂದರು. ಈ ವಾರ ಇಂಥವೇ ನಾಲ್ಕಾರು. ಮೇಸ್ತ್ರಿಗೆ ಹೇಳಿದರೆ "ಒಂದೆರಡು ಸಾಕಿ ಮಾರೋಣ ಮೇಡಮ್ಮ, ಸೋಫಾ ಅಂತೂ ಬರ್ತಿಲ್ಲ" ಎಂದರು. ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಭಿನಯ ಮಾಡಿ ತೋರಿಸಿದೆ. ಇವರು ನಕ್ಕರು. ಅತ್ತೆಯೂ ಸ್ವಲ್ಪ ನಕ್ಕರು.

ಮಾರ್ಚ್ 18

ಕೆಲಸ ಕಡಿಮೆ. ಸೀಸನ್ ಅಲ್ಲ ಎನ್ನುತ್ತಾರೆ ಇವರು. ಕುರ್ಚಿಗೆಲ್ಲಿಯ ಸೀಸನ್ ಎಂದು ಕೇಳಿದೆ. ಉತ್ತರವಾಗಿ ನನ್ನ ಮೂಗು ಹಿಂಡಿದರು.

ಹೊತ್ತು ಹೋಗದೆ ಹಿಂದಿನ ಕೋಣೆಯಲ್ಲಿ ಕೂತಿದ್ದೆ. ಮೇಸ್ತ್ರಿ ಏನೂ ಹೇಳದೆ ಮೊಳೆ ಕೀಳುವ ಇಕ್ಕುಳವನ್ನು ಕೈಗೆ ಕೊಟ್ಟು ಒಂದು ಹಳೆಯ ಸೋಫಾದ ಬೆನ್ನು ತೋರಿಸಿದರು. ಉಗುರು ಮುರಿಯಿತು. ಆದರೂ ಮೊಳೆ ಬಿಟ್ಟುಕೊಂಡು ಬರುವಾಗ ಒಂದು ಸಣ್ಣ ಸದ್ದಾಗುತ್ತದೆ, ಅದು ಚೆನ್ನಾಗಿದೆ.

ಮಾರ್ಚ್ 27

ಹಲ್ಲಿನ ಡಾಕ್ಟರೊಬ್ಬರು ಬಂದಿದ್ದರು. ಅವರ ಆಸ್ಪತ್ರೆಯ ಎಲ್ಲ ಸೀಟುಗಳಿಗೂ, ರೋಗಿಗಳನ್ನು ಒರಗಿಸುವ ಕುರ್ಚಿಗಳಿಗೂ ಸೇರಿ, ಯಾವಾಗಲೂ ನಮ್ಮಲ್ಲೇ ಹೊದಿಕೆ ಹಾಕಿಸುತ್ತಿದ್ದರಂತೆ.

"ಏನ್ರೀ, ಅಂಗಡಿ ಮುಚ್ಚಿದ್ರಿ ಅನ್ಕೊಂಡೆ. ಮೇಲ್ ಕಳಿಸಿದ್ರೆ ವಾಪಸ್ ಬರುತ್ತೆ. ವೆಬ್‌ಸೈಟ್ ಇಲ್ಲ. ಬೀದೀಲಿ ಹುಡುಕಿದ್ರೆ ಆ ಕುರ್ಚೀನೂ ಇಲ್ಲ. ಎರಡು ಸಲ ಈ ಬಾಗಿಲು ದಾಟ್ಕೊಂಡೇ ಹೋಗಿದ್ದೀನಿ."

"ಹೆಸರು ಬದಲಾಗಿದೆ ಡಾಕ್ಟ್ರೇ" ಎಂದು ಇವರು ಬೋರ್ಡು ತೋರಿಸಿದರು.

"ಗಿಣಿ ಅಂತ ಓದ್ದೆ. ಪಕ್ಷಿ ಅಂಗಡಿ ಬಂದಿದೆ ಅನ್ಕೊಂಡೆ." ಆಮೇಲೆ ನನ್ನನ್ನು ನೋಡಿ, "ಬೇಜಾರು ಮಾಡ್ಕೋಬೇಡಿ, ಕೆಲಸ ಬೇರೆಯವರಿಗೆ ಕೊಟ್ಟಾಯ್ತು. ಬೀಗ ಹಾಕಿದ್ರೋ ಏನೋ ಅಂತ ವಿಚಾರಿಸ್ಕೊಂಡು ಹೋಗೋಣ ಅಂತ ಬಂದೆ, ಅಷ್ಟೇ" ಎಂದರು.

ಅವರು ಹೋದ ಮೇಲೆ ಇವರು ಬಹಳ ಹೊತ್ತು ಟೇಬಲ್ಲಿನ ಗಾಜು ಒರೆಸುತ್ತಿದ್ದರು. ಗಾಜು ಮೊದಲೇ ಸ್ವಚ್ಛವಾಗಿತ್ತು.

ಮಾರ್ಚ್ 28

ವೆಬ್‌ಸೈಟ್ ಮೇಡಂ ಹತ್ತಿರ ಓಡಿದೆ. ಹಳೆಯ ಹೆಸರನ್ನು ವಾಪಸ್ ತಗೊಳ್ಳಬೇಕು ಎಂದೆ.

"ಇದು ಬಾಡಿಗೆ ಕೋಣೆ ಇದ್ದ ಹಾಗಮ್ಮ" ಎಂದರು. "ಬಾಡಿಗೆ ತಪ್ಪಿದ ಕೂಡಲೇ ಸಾಮಾನು ಹೊರಗೆ ಎಸೆಯಲ್ಲ. ಬೀಗ ಹಾಕಿ ಸ್ವಲ್ಪ ದಿನ ಕಾಯ್ತಾರೆ. ಇದ್ದವರೇ ಬಂದು ಕೇಳಿದ್ರೆ ಕೊಡ್ತಾರೆ. ಏಪ್ರಿಲ್ ಮಧ್ಯದವರೆಗೆ ಕಾಯ್ಬಹುದು. ಆಮೇಲೆ ಯಾರು ಮೊದಲು ಬರ್ತಾರೋ ಅವರದ್ದು. ಹಳೇ ಹೆಸರು ನೋಡಿ, ಜನ ಹುಡುಕೋ ಹೆಸರು. ಹದ್ದಿನ ಹಾಗೆ ಕಾಯೋರು ಇರ್ತಾರೆ."

"ಹಾಗಾದ್ರೆ ಈಗಲೇ ಮಾಡಿಬಿಡಿ."

"ನಿಮ್ಮ ಭಾವ ಬರಬೇಕು. ಖಾತೆ ಅವರ ಹೆಸರಲ್ಲಿದೆ. ಒಪ್ಪಿಗೆ ಕೋಡ್ ಅವರ ಫೋನಿಗೇ ಬರೋದು."

ಮನೆಗೆ ಬಂದು ಹೇಳಿದರೆ ಇವರು "ನಾನು ಅವನಿಗೆ ಫೋನ್ ಮಾಡಲ್ಲ" ಎಂದರು. ಯಾಕೆ ಎಂದೆ. "ಮಾಡಲ್ಲ ಅಂದ್ರೆ ಮಾಡಲ್ಲ." ನಾನು ಕೇಳಿದ್ದನ್ನು ಇವರು ಕೊಡದಿದ್ದುದು ಇದೇ ಮೊದಲು.

ಏಪ್ರಿಲ್ 1

ಮೇಸ್ತ್ರಿಗೆ ಇವರು ದಿನ ಬಿಟ್ಟು ದಿನ ಬನ್ನಿ ಎಂದು ಹೇಳಿದ್ದಾರೆ. ಮೇಸ್ತ್ರಿ "ಸರಿ" ಎಂದು ತಮ್ಮ ಸುತ್ತಿಗೆಯನ್ನು ಮನೆಗೆ ತಗೊಂಡು ಹೋದರು. ಇಷ್ಟು ವರ್ಷ ಅದನ್ನು ಅಂಗಡಿಯಲ್ಲೇ ಇಡುತ್ತಿದ್ದರಂತೆ. ಅತ್ತೆ ಹೇಳಿದರು.

ಅತ್ತೆಯ ಹತ್ತಿರ ಭಾವನ ಕಾರ್ಖಾನೆಯ ವಿಳಾಸ ಕೇಳಿದೆ. ಕೇಳುವುದನ್ನೇ ಕಾಯುತ್ತಿದ್ದವರಂತೆ ಹೇಳಿದರು.

ಏಪ್ರಿಲ್ 3

ಬಸ್ಸಿನಲ್ಲಿ ಹೋಗಿ ಬಂದೆ. ಇಡೀ ದಾರಿ ನನ್ನ ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದೆ. ಹೊಲಿಗೆ ಒಂದು ಕಡೆ ಬಿಟ್ಟಿತ್ತು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಉದ್ದದ ತಗಡಿನ ಮೇಜುಗಳು. ಭಾವ ಬಂದರು, ಹುಬ್ಬಿನ ತುಂಬ ಫೋಮಿನ ಪುಡಿ. ಇವರಿಗಿಂತ ಕುಳ್ಳು, ಧ್ವನಿ ಮಾತ್ರ ಅದೇ.

"ಬಾರಮ್ಮ. ಎಲ್ರೂ ಚೆನ್ನಾಗಿದ್ದಾರಾ? ಅಮ್ಮನ ಮಂಡಿ ಹೇಗಿದೆ?"

ಚೆನ್ನಾಗಿದೆ ಎಂದೆ. ಚಹಾ ತರಿಸಿದರು. ನಾನು ಎಲ್ಲವನ್ನೂ ಹೇಳಿದೆ, ಡಾಕ್ಟರನ್ನು, ಮೇಸ್ತ್ರಿಯ ಸುತ್ತಿಗೆಯನ್ನು, ಗಿಣಿ ಕೇಳುವವರ ಫೋನನ್ನು. ಅಲ್ಲಿ ಮಾತ್ರ ಅವರ ತುಟಿ ಸ್ವಲ್ಪ ಅಲುಗಿತು.

"ಮೂರು ಕಾಲು ಬೇಡ ಅಂತ ಯಾರು ಅಂದಿದ್ದು?"

"ನಾನು, ಭಾವ."

"ಅವನೇನಂದ?"

"ಹೋದ್ರೆ ಹೋಗ್ಲಿ ಅಂದ್ರು."

ಚಹಾದ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದರು. "ನಿಮ್ಮ ಮದುವೆಗೆ ಮುಂಚೆ ಹೊಸ ಬೋರ್ಡಿಗೆ ಅಳತೆ ತಗೊಳ್ಳೋಕೆ ಪೇಂಟರ್ ಬಂದಿದ್ದ. ನಾನೇ ಏಣಿ ಹಿಡ್ಕೊಂಡಿದ್ದೆ. ಏನು ಬರೀತೀಯಪ್ಪ ಅಂತ ಕೇಳ್ದೆ. ಅವನು ಹೇಳಿದ. ಹಾಗೆ ಗೊತ್ತಾಯ್ತು ನಂಗೆ."

ನನ್ನ ಲೋಟ ಆಗಲೇ ಖಾಲಿಯಾಗಿತ್ತು, ಆದರೂ ಬಾಯಿಗೆ ಎತ್ತಿದೆ.

"ಕುರ್ಚಿ ಎಲ್ಲಿದೆ?" ಎಂದರು.

"ನಮ್ಮ ಕೋಣೆಲಿ. ನಾಲ್ಕನೇ ಕಾಲು ಹಾಕಿಸಿದ್ದೀನಿ."

ಭಾವ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಅಂಟು ಹಾಕಿದ್ರಾ, ಸ್ಕ್ರೂನಾ?"

"ಗೊತ್ತಿಲ್ಲ."

"ಸ್ಕ್ರೂ ಆದ್ರೆ ಬಿಚ್ಚಬಹುದು. ಅಂಟಾದ್ರೆ ಮರ ಕಿತ್ಕೊಂಡು ಬರುತ್ತೆ." ಲೋಟ ಪಕ್ಕಕ್ಕೆ ಸರಿಸಿ ಅವರೇ ಹೇಳಿದರು. "ಅಂಗಡಿ ತೆಗೆದ ದಿನ ಬಂದ ಮೊದಲ ಕುರ್ಚಿ ಅದು. ತಂದಿದ್ದು ಒಬ್ಬ ಅಜ್ಜಿ. ಇನ್ನೊಂದು ಕಾಲು ಮನೇಲಿದೆ, ತಂದುಕೊಡ್ತೀನಿ, ಬೇರೆ ಹಾಕಬೇಡಿ ಅಂದ್ರು. ಬರಲೇ ಇಲ್ಲ. ಬಂದ್ರೆ ಅಂಗಡಿ ಗುರುತು ಸಿಗಬೇಕಲ್ಲ, ಅದಕ್ಕೇ ಕಾಣೋ ಹಾಗೆ ಕಟ್ಟಿದ್ದು. ಊರಿನವರಿಗೆಲ್ಲ ಗುರುತಾಯ್ತು, ಅಜ್ಜಿಯೊಬ್ಬರನ್ನ ಬಿಟ್ಟು."

ಕಾರ್ಖಾನೆಯ ಗಂಟೆ ಹೊಡೆಯಿತು. "ವಿಳಾಸ..." ಎಂದೆ. "ನೋಡ್ತೀನಮ್ಮ" ಎಂದು ಎದ್ದರು. ಚಹಾದ ದುಡ್ಡು ನಾನು ಕೊಡಲು ಹೋದರೆ ಬಿಡಲಿಲ್ಲ.

ಏಪ್ರಿಲ್ 4

ಬೋರ್ಡಿನ ವಿಷಯ ಭಾವನಿಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಇವರನ್ನು ಕೇಳಿದೆ.

"ಸರ್‌ಪ್ರೈಸ್ ಅಲ್ವೇನೇ? ಯಾರಿಗೂ ಹೇಳಿರಲಿಲ್ಲ."

"ಅಂಗಡಿ ಅವರದ್ದೂ ಅಲ್ವಾ?"

"ಅವನು ಏನೂ ಅನ್ಕೊಳ್ಳಲ್ಲ ಅನ್ಕೊಂಡೆ." ಆಮೇಲೆ, "ಎಲ್ಲಾ ನಿನಗೋಸ್ಕರ ತಾನೇ ಮಾಡಿದ್ದು" ಎಂದರು.

ಹೌದು. ನನಗೋಸ್ಕರವೇ.

ಏಪ್ರಿಲ್ 7

ಸುದ್ದಿಯಿಲ್ಲ.

ಏಪ್ರಿಲ್ 9

ಹಳೆಯ ವಿಳಾಸವನ್ನು ಒತ್ತಿ ನೋಡಿದೆ. ಬಿಳಿ ಪುಟ. ವೆಬ್‌ಸೈಟ್ ಮೇಡಂಗೆ ಫೋನ್ ಮಾಡಿದರೆ "ಬೀಗ ಇನ್ನೂ ಇದೆ, ಉಸಿರು ಬಿಡಿ" ಎಂದರು.

ಇವತ್ತು ಮೇಸ್ತ್ರಿಯ ಸರದಿಯ ದಿನವಲ್ಲ. ಇವರು ಒಂಟಿಯಾಗಿ ಸೋಫಾದ ಬುಡಕ್ಕೆ, ಸೀಟಿನ ಭಾರ ಹೊರುವ ಪಟ್ಟಿ ಎಳೆಯುತ್ತಿದ್ದರು. ಪಟ್ಟಿಯನ್ನು ಒಬ್ಬರು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಬ್ಬರು ಮೊಳೆ ಹೊಡೆಯಬೇಕು. ಹೋಗಿ ಹಿಡಿದೆ. "ಇನ್ನೂ ಎಳಿ" ಎಂದರು. ಎಳೆದೆ. "ಸಾಕು." ಮಧ್ಯಾಹ್ನದವರೆಗೆ ಆಡಿದ್ದು ಇಷ್ಟೇ ಮಾತು. ಏಳುವಾಗ ಇವರು "ಅಣ್ಣ ಎಳೆದ ಹಾಗೇ ಎಳೀತೀಯ" ಎಂದರು.

ಏಪ್ರಿಲ್ 11

ಮೇಸ್ತ್ರಿಯನ್ನು ಕೇಳಿದೆ: ಕುರ್ಚಿಯ ಕಾಲಿಗೆ ಅಂಟೋ, ಸ್ಕ್ರೂನೋ?

"ಸ್ಕ್ರೂ. ಅಂಟು ಹಾಕಿದ್ರೆ ಒಣಗೋ ತನಕ ಕಾಯ್ಬೇಕಲ್ಲ ಮೇಡಮ್ಮ. ನೀವು ನಿಂತ ಕಾಲಲ್ಲೇ ಬೇಕು ಅಂತಿದ್ರಿ."

ಸ್ಕ್ರೂ ಡ್ರೈವರ್ ಇಸಿದುಕೊಂಡು ಬೀದಿ ದಾಟಿ ಮನೆಯ ಮಹಡಿಗೆ ಹೋದೆ. ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿತ್ತು. ತೆಗೆದಿಟ್ಟು, ಕುರ್ಚಿಯನ್ನು ಮಂಚದ ಮೇಲೆ ಬೋರಲು ಮಲಗಿಸಿ, ನಾನೇ ಬಿಚ್ಚಿದೆ. ಕೊನೆಯ ಸ್ಕ್ರೂ ಸ್ವಲ್ಪ ಹಟ ಮಾಡಿತು. ಮರ ಕಿತ್ತು ಬರಲಿಲ್ಲ.

ಭಾವನಿಗೆ ಮೆಸೇಜ್ ಹಾಕಿದೆ: "ಸ್ಕ್ರೂ ಇತ್ತು. ಬಿಚ್ಚಿದ್ದೇನೆ." ಉತ್ತರ ಬರಲಿಲ್ಲ.

ಏಪ್ರಿಲ್ 13

ಬೆಳಿಗ್ಗೆ ಎದ್ದ ಕೂಡಲೇ ವಿಳಾಸ ಒತ್ತಿದೆ. ಬಿಳಿ ಪುಟದ ಬದಲು ಹಳೆಯ ಪುಟ. ಮಸುಕಾದ ಫೋಟೊ, ಬಾಗಿಲಿನ ನೆತ್ತಿಗೆ ಮೂರು ಕಾಲಿನ ಕುರ್ಚಿ, ಕೆಳಗೆ ಅಂಗಡಿಯ ಫೋನ್ ನಂಬರು. ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಏಣಿ ಹಿಡ್ಕೊಂಡಿರೋದು ಇವನೇ ನೋಡು" ಎಂದು ಫೋಟೊದ ಅಂಚಿನಲ್ಲಿದ್ದ ಒಂದು ಮೊಣಕೈ ತೋರಿಸಿದರು. ನನ್ನ ಗಂಡನ ಮೊಣಕೈ.

ಭಾವನಿಂದ ಒಂದೇ ಪದ: "ಆಯ್ತು."

ವೆಬ್‌ಸೈಟ್ ಮೇಡಂ ಈಗ ಗಿಣಿ ವಿಳಾಸವನ್ನು ಏನು ಮಾಡಲಿ ಎಂದು ಕೇಳಿದರು. ಅದನ್ನು ಒತ್ತಿದವರು ಇದಕ್ಕೆ ಬರುವ ಹಾಗೆ ಮಾಡಿ ಎಂದೆ. ನಿಮ್ಮ ಫೋಟೊ ಎಂದರು. ತೆಗೆದುಬಿಡಿ, ಆ ಜಾಗಕ್ಕೆ ಕೆಲಸದ ಫೋಟೊ ಕಳಿಸುತ್ತೇನೆ ಎಂದೆ.

ಏಪ್ರಿಲ್ 16

ರಜೆ ಇತ್ತೆಂದು ಭಾವ ಬಂದಿದ್ದರು. ಇವರು ಬಾಗಿಲಲ್ಲೇ ನಿಂತಿದ್ದರು.

"ಕೊಂಡಿ ಇದ್ಯಾ?" ಎಂದರು ಭಾವ.

"ಹಳೇದೇ ಇದೆ. ಸವೆದಿದೆ."

"ಹೊಸದು ತಂದಿದ್ದೀನಿ."

ಇವರು ಏಣಿ ತಂದರು. ಭಾವ ಹತ್ತಿದರು. ಮೂರು ಕಾಲಿನ ಕುರ್ಚಿಯನ್ನು ನಾನು ಕೆಳಗಿನಿಂದ ಎತ್ತಿಕೊಟ್ಟೆ. ಇವರು ಏಣಿ ಹಿಡಿದಿದ್ದರು. ಮೇಸ್ತ್ರಿ ಬೀದಿಯ ಆಚೆ ನಿಂತು ಎಡಕ್ಕೆ, ಬಲಕ್ಕೆ ಎಂದು ಕೈ ಮಾಡುತ್ತಿದ್ದರು. ಬಾಯಿ ತುಂಬ ಮೊಳೆ. ಅವರ ಸುತ್ತಿಗೆ ಒಳಗೆ ಬೆಂಚಿನ ಮೇಲಿತ್ತು.

ಇಳಿಯುವಾಗ ಭಾವ ಬೋರ್ಡನ್ನು ನೋಡಿ "ಕೊಕ್ಕು ಚೆನ್ನಾಗಿ ಬರೆದಿದ್ದಾನೆ" ಎಂದರು.

"ಬೋರ್ಡು ಇಳಿಸೋಣ ಅಣ್ಣ" ಎಂದರು ಇವರು.

"ಯಾಕೆ? ಅದನ್ನ ಯಾರು ಓದ್ತಾರೆ? ಇರ್ಲಿ."

ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟರು. ಇವರು ಬಸ್ ನಿಲ್ದಾಣದವರೆಗೆ ಹೋಗಿ ಬಂದರು. ಏನು ಮಾತಾಡಿದಿರಿ ಎಂದರೆ "ಫೋಮಿನ ರೇಟು" ಎಂದರು. ನಾಲ್ಕನೇ ಕಾಲನ್ನು ಅತ್ತೆ ಅಡುಗೆಮನೆಯ ಕಿಟಕಿಗೆ ಆನಿಸಿ ಇಟ್ಟಿದ್ದಾರೆ. ಗಾಳಿಗೆ ಕಿಟಕಿ ಬಡಿಯುತ್ತಿತ್ತು, ಈಗ ಇಲ್ಲ.

ಏಪ್ರಿಲ್ 24

ಇವರು ಅಳತೆಗೆ ಹೋಗಿದ್ದರು. ನಾನು ಒಂದು ಒರಗು ಕುರ್ಚಿಯ ಬೆನ್ನಿಗೆ ಬಟ್ಟೆ ಕೂರಿಸಿ ಮೊಳೆ ಹೊಡೆಯುತ್ತಿದ್ದೆ. ಫೋನ್ ಬಂತು. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿ ಎತ್ತಿದೆ.

"ಹಲೋ, ಮೂರು ಕಾಲು."

ಮೇಸ್ತ್ರಿ ತಲೆ ಎತ್ತಿ ನಕ್ಕರು. ಯಾಕೆಂದು ಗೊತ್ತಾಗಲಿಲ್ಲ, ಕೇಳಲು ಮರೆತೆ.

ಆ ಕಡೆ ಒಬ್ಬ ಹೆಂಗಸು. ಸೋಫಾದಲ್ಲಿ ಕೂತರೆ ಮಧ್ಯಕ್ಕೆ ಕುಸಿಯುತ್ತದಂತೆ. ಬುಡ ಮೇಲು ಮಾಡಿ ನೋಡಿ, ಪಟ್ಟಿ ಸಡಿಲ ಆಗಿರುತ್ತೆ, ಫೋಮ್ ಬದಲಾಯಿಸೋದು ಬೇಕಾಗಲಿಕ್ಕಿಲ್ಲ ಎಂದೆ. ಅಂಗಡಿ ಎಲ್ಲಿದೆ ಎಂದು ಕೇಳಿದರು.

"ಔಷಧಿ ಅಂಗಡಿ ದಾಟಿ ಬನ್ನಿ. ಬೋರ್ಡು ಓದಬೇಡಿ, ತಲೆ ಎತ್ತಿ ನೋಡಿ. ಕಾಣುತ್ತೆ."